ಚೆನ್ನೈ ಕರಾವಳಿ: ಬಂಡೆ ಇದ್ದಲ್ಲಿ, ಇಲ್ಲದಲ್ಲಿ

ಕಡಲ್ಕೊರೆತದ ಮಾತು ಬಂದಾಗ ನಾವು ಅಲೆ, ಗಾಳಿ, ಚಂಡಮಾರುತಗಳನ್ನೇ ಲೆಕ್ಕಕ್ಕೆ ಹಿಡಿಯುತ್ತೇವೆ. ದಡದ ಅಡಿಯಲ್ಲಿರುವುದು ಎಂಥ ಕಲ್ಲು ಎಂದು ಕೇಳುವವರು ಕಡಿಮೆ. ಚೆನ್ನೈಯಲ್ಲಿ ಸಮುದ್ರಕ್ಕೆ ಎದುರಾಗಿ ನಿಂತ ಕಡಿದಾದ ಬಂಡೆಗೋಡೆಗಳಿಲ್ಲ. ಆದರೂ ಅಲ್ಲಿನ ಕೊರೆತವನ್ನು ಶಿಲೆಯಿಂದಲೇ ಓದಬೇಕು ಎಂಬುದು ನನ್ನ ವಾದ.

ನಗರದ ದಕ್ಷಿಣಕ್ಕಿರುವ ಪಲ್ಲಾವರಂ ಮತ್ತು ಸೇಂಟ್ ಥಾಮಸ್ ಮೌಂಟ್ ಗುಡ್ಡಗಳದು ಚಾರ್ನೊಕೈಟ್ ಶಿಲೆ. ಕಲ್ಕತ್ತೆಯಲ್ಲಿರುವ, ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ ಜಾಬ್ ಚಾರ್ನಾಕ್‌ನ ಸಮಾಧಿಯ ಕಲ್ಲೂ ಇದೇ ಜಾತಿಯದು. ಭೂವಿಜ್ಞಾನಿ ಟಿ. ಎಚ್. ಹಾಲೆಂಡ್ 1893ರಲ್ಲಿ ಈ ಶಿಲೆಗೆ ಅವನ ಹೆಸರನ್ನೇ ಇಟ್ಟರು. ಸುಮಾರು 250 ಕೋಟಿ ವರ್ಷಗಳ ಈ ಗಟ್ಟಿ ಕಲ್ಲು ಗುಡ್ಡಗಳಲ್ಲಿ ಮೇಲೆದ್ದಿದ್ದರೂ ಕಡಲಿನ ಕಡೆಗೆ ಮರಳು ಮತ್ತು ಜೇಡಿಯ ಅಡಿ ಹೂತುಹೋಗಿದೆ. ಹಾಗಾಗಿ ಮರೀನಾದಲ್ಲಿ ಅಲೆಗೆ ಸಿಗುವುದು ಬರೀ ಸಡಿಲ ಮರಳು.

ಈ ಮರಳು ನಿಂತಲ್ಲಿ ನಿಲ್ಲದು. ನೈಋತ್ಯ ಮಾರುತದ ತಿಂಗಳುಗಳಲ್ಲಿ ದಡಗುಂಟ ಉತ್ತರಕ್ಕೆ, ಈಶಾನ್ಯ ಮಾರುತದಲ್ಲಿ ದಕ್ಷಿಣಕ್ಕೆ ಸರಿಯುತ್ತದೆ. ವರ್ಷದ ಕೊನೆಗೆ ಉತ್ತರದ್ದೇ ಮೇಲುಗೈ. 1870ರ ದಶಕದಲ್ಲಿ ಶುರುವಾದ ಬಂದರಿನ ಅಲೆತಡೆಗಳು ಈ ಹರಿವಿಗೆ ಅಡ್ಡ ಬಂದವು. ದಕ್ಷಿಣದಲ್ಲಿ ಮರಳು ತುಂಬಿ ಮರೀನಾ ಅಗಲವಾಯಿತು. ಉತ್ತರದ ರಾಯಪುರಂ, ತಿರುವೊತ್ತಿಯೂರುಗಳಿಗೆ ಬರಬೇಕಾದ ಮರಳು ತಪ್ಪಿ, ಮೀನುಗಾರರ ಮನೆಗಳು ಕಡಲಪಾಲಾದವು. ಅಡಿಯಲ್ಲಿ ಕಲ್ಲು ಕೈಗೆಟುಕುವಂತಿದ್ದರೆ ಕೊರೆತ ಅಲ್ಲಿಗೇ ತಡೆದು ನಿಲ್ಲುತ್ತಿತ್ತು.

ದಕ್ಷಿಣಕ್ಕೆ ಮಹಾಬಲಿಪುರದಲ್ಲಿ ಚಿತ್ರವೇ ಬೇರೆ. ಅಲ್ಲಿ ಬಂಡೆ ನೀರಿನಂಚಿಗೇ ಬಂದಿದೆ. ಎಂಟನೆಯ ಶತಮಾನದ ಆರಂಭದಲ್ಲಿ ಪಲ್ಲವ ದೊರೆ ರಾಜಸಿಂಹ ಕಟ್ಟಿಸಿದ ಕಡಲತಡಿಯ ದೇಗುಲ ಇಂದಿಗೂ ನಿಂತಿರುವುದಕ್ಕೆ ಈ ತಳವೂ ಒಂದು ಕಾರಣ. ಹಾಗೆಂದು ಗಟ್ಟಿ ಕಲ್ಲು ಸವೆಯದು ಎಂದಲ್ಲ. ಬಂಡೆಯ ಬಿರುಕುಗಳನ್ನು ಹತ್ತಿರದಿಂದ ನೋಡಬೇಕು. ಅಲೆ ಅಪ್ಪಳಿಸಿದಾಗ ಬಿರುಕಿನೊಳಗಿನ ಗಾಳಿ ಒತ್ತಿಕೊಳ್ಳುತ್ತದೆ, ನೀರು ಹಿಂದೆ ಸರಿದಾಗ ಸಡಿಲಗೊಳ್ಳುತ್ತದೆ. ಇದೇ ಮರುಕಳಿಸುತ್ತಾ ಬಿರುಕು ಅಗಲವಾಗಿ, ಕೊನೆಗೆ ಇಡೀ ತುಂಡೇ ಕಳಚುತ್ತದೆ. ಬಿರುಕುಗಳು ಒತ್ತಾಗಿದ್ದರೆ ಸಣ್ಣ ತುಂಡುಗಳು ಬೇಗ ಹೋಗುತ್ತವೆ. ದೂರ ದೂರವಿದ್ದರೆ ಬಂಡೆ ದುಂಡಗೆ ಸವೆಯುತ್ತಾ ಬಹುಕಾಲ ಬಾಳುತ್ತದೆ. ದೇಗುಲದ ಕೆತ್ತನೆಗಳನ್ನು ತಿಂದಿರುವುದು ಮುಖ್ಯವಾಗಿ ಉಪ್ಪುಗಾಳಿ ಮತ್ತು ಅದು ಹೊತ್ತು ತರುವ ಮರಳು.

ಸಮೀಪದ ಸಾಳುವನಕುಪ್ಪಂನಲ್ಲಿ 2004ರ ಸುನಾಮಿ ಮರಳನ್ನು ಸರಿಸಿ ಬಂಡೆಯೊಂದರ ಶಾಸನಗಳನ್ನು ಬೆಳಕಿಗೆ ತಂದಿತು. ಅದರ ಜಾಡು ಹಿಡಿದು ನಡೆದ ಉತ್ಖನನದಲ್ಲಿ ಹೂತುಹೋಗಿದ್ದ ಸುಬ್ರಹ್ಮಣ್ಯ ಗುಡಿ ಸಿಕ್ಕಿತು. ಒಂದೇ ಅಲೆಯ ಹೊಡೆತಕ್ಕೆ ಮರಳು ಜಾಗ ಬಿಟ್ಟಿತು, ಬಂಡೆ ಬಿಡಲಿಲ್ಲ.

ನಮ್ಮ ದಕ್ಷಿಣ ಕನ್ನಡದಲ್ಲೂ ಇದೇ ಕಥೆ. ಸೋಮೇಶ್ವರ ದೇವಸ್ಥಾನದ ಬಳಿ ಬಂಡೆಗಳು ಅಲೆಗೆ ಎದೆಯೊಡ್ಡಿವೆ. ಪಕ್ಕದ ಉಳ್ಳಾಲದ ಮರಳು ದಡ ಮಳೆಗಾಲ ಬಂದರೆ ಕುಸಿಯುತ್ತದೆ. ಮರಳಿನ ಮೇಲೆ ಕಲ್ಲು ಸುರಿದು ಕಟ್ಟಿದ ತಡೆಗೋಡೆಯ ಬುಡವನ್ನು ಅಲೆ ತೋಡುತ್ತದೆ, ಕಲ್ಲು ಹೂತುಹೋಗುತ್ತದೆ, ಮತ್ತೆ ಸುರಿಯಬೇಕಾಗುತ್ತದೆ. ಗೋಡೆ ಕಟ್ಟುವ ಮೊದಲು ಅಡಿಯ ಬಂಡೆ ಎಷ್ಟು ಆಳದಲ್ಲಿದೆ ಎಂಬ ನಕ್ಷೆಯನ್ನು, ದಡ ಸರಿದ ನಕ್ಷೆಯ ಪಕ್ಕದಲ್ಲಿಟ್ಟು ನೋಡುವುದು ಕಡ್ಡಾಯವಾಗಬೇಕು.