ಬಿದ್ದು ಕಲಿತ ಬೈಸಿಕಲ್ಲು

ಒಮ್ಮೆಯೂ ಬೀಳದೆ ಸೈಕಲ್ಲು ಕಲಿತವರು ನಮ್ಮ ಓದುಗರಲ್ಲಿ ಯಾರಾದರೂ ಇದ್ದರೆ ದಯವಿಟ್ಟು ಸಂಘದ ಕಚೇರಿಗೆ ಬಂದು ಮುಖ ತೋರಿಸಿ ಹೋಗಬೇಕು. ಅಂಥವರನ್ನು ನಾವು ಇದುವರೆಗೆ ಕಂಡಿಲ್ಲ. ಗಂಟೆಯ ಲೆಕ್ಕದಲ್ಲಿ ಬಾಡಿಗೆ ಸೈಕಲ್ಲು ತಂದು, ಸೀಟಿನ ಮೇಲೆ ಕೂತರೆ ಕಾಲು ಪೆಡಲಿಗೆ ಎಟುಕದ ವಯಸ್ಸಿನಲ್ಲಿ ಬಾರಿನ ಕೆಳಗೆ ಕಾಲು ತೂರಿಸಿ ಒಳಪೆಡಲು ಹೊಡೆದು, ಬೇಲಿಗೋ ಚರಂಡಿಗೋ ಬಿದ್ದು, ತರಚಿದ ಮೊಣಕಾಲಿಗೆ ಅಡುಗೆಮನೆಯಲ್ಲಿ ಕಾಫಿಪುಡಿ ಒತ್ತಿಸಿಕೊಂಡು, ಮರುದಿನ ಮತ್ತೆ ಅದೇ ಅಂಗಡಿಯ ಮುಂದೆ ನಿಂತವರೇ ನಾವೆಲ್ಲ. ಈ ತರಚುಗಾಯಗಳನ್ನು ಚರಿತ್ರೆಯೆಂದು ಯಾರೂ ಎಣಿಸುವುದಿಲ್ಲ. ಆದರೆ ಇಂದು ನಾವು ಕಾಣುವ ಬೈಸಿಕಲ್ಲಿನ ಆಕಾರವನ್ನು ಒಂದೊಂದೇ ಅಂಗವಾಗಿ ನೋಡುತ್ತ ಹೋದರೆ, ಪ್ರತಿಯೊಂದರ ಹಿಂದೆಯೂ ಯಾರೋ ಎಲ್ಲೋ ಬಿದ್ದ ಸಂಗತಿ ಇದ್ದೇ ಇರುತ್ತದೆ.

ಮೊದಲನೆಯದಕ್ಕೆ ಪೆಡಲೇ ಇರಲಿಲ್ಲ. ಜರ್ಮನಿಯ ಬಾಡೆನ್ ಸಂಸ್ಥಾನದಲ್ಲಿ ಅರಣ್ಯಾಧಿಕಾರಿಯಾಗಿದ್ದ ಕಾರ್ಲ್ ಡ್ರೈಸ್ ಎಂಬಾತ 1817ರ ಜೂನ್ 12ರಂದು ಮ್ಯಾನ್‌ಹೈಮ್ ನಗರದಿಂದ ಮರದ ಎರಡು ಚಕ್ರದ ಯಂತ್ರವೊಂದರ ಮೇಲೆ ಕುಳಿತು, ಕಾಲಿನಿಂದ ನೆಲವನ್ನು ಒದೆಯುತ್ತ, ಹಲವು ಕಿಲೋಮೀಟರು ದೂರ ಹೋಗಿ ಹಿಂದಿರುಗಿದ. ಅದಕ್ಕೆ ಆತ ಇಟ್ಟ ಹೆಸರು ಓಡುವ ಯಂತ್ರ. ಕಾಲು ಸದಾ ನೆಲದ ಹತ್ತಿರವೇ ಇದ್ದುದರಿಂದ ಬೀಳುವ ಭಯ ಕಡಿಮೆ. ಆದರೆ ಗಾಡಿಚಕ್ರಗಳಿಂದ ಹಳ್ಳಬಿದ್ದ ರಸ್ತೆಯಲ್ಲಿ ಅದನ್ನು ಓಡಿಸುವುದು ಆಗದ ಮಾತು. ಸವಾರರು ಸಹಜವಾಗಿ ಕಾಲುದಾರಿ ಹಿಡಿದರು, ನಡೆಯುವವರಿಗೆ ಡಿಕ್ಕಿ ಕೊಟ್ಟರು, ಅಧಿಕಾರಿಗಳು ಕಾಲುದಾರಿಯಲ್ಲಿ ಸವಾರಿಯನ್ನು ನಿಷೇಧಿಸಿದರು. ರಸ್ತೆಯಲ್ಲಿ ಜಾಗವಿಲ್ಲ, ಕಾಲುದಾರಿಯಲ್ಲಿ ಅಪ್ಪಣೆಯಿಲ್ಲ ಎಂಬ ಜಗಳ ಹೀಗೆ ಸೈಕಲ್ಲಿನೊಡನೆಯೇ ಹುಟ್ಟಿತು. ಅದು ಇನ್ನೂ ಮುಗಿದಿಲ್ಲವೆಂದು ಯಾವ ಮಹಾನಗರದ ನಿವಾಸಿಗೂ ನಾವು ಹೇಳಬೇಕಾಗಿಲ್ಲ.

1860ರ ದಶಕದಲ್ಲಿ ಪ್ಯಾರಿಸ್ಸಿನಲ್ಲಿ ಮುಂದಿನ ಚಕ್ರಕ್ಕೆ ಪೆಡಲು ಬಂತು. ಮರದ ಚಕ್ರ, ಅದಕ್ಕೆ ಕಬ್ಬಿಣದ ಪಟ್ಟಿ, ಕೆಳಗೆ ಕಲ್ಲುಹಾಸಿನ ಬೀದಿ. ಇಂಗ್ಲೆಂಡಿನವರು ಅದನ್ನು ‘ಎಲುಬು ಕುಲುಕಿ’ ಎಂದು ಕರೆದದ್ದು ಉತ್ಪ್ರೇಕ್ಷೆಯಲ್ಲ. ಪೆಡಲನ್ನು ಒಂದು ಸುತ್ತು ತುಳಿದರೆ ಚಕ್ರವೂ ಒಂದೇ ಸುತ್ತು ಉರುಳಬೇಕಾದ್ದರಿಂದ, ವೇಗ ಬೇಕಾದರೆ ಚಕ್ರವನ್ನು ದೊಡ್ಡದು ಮಾಡುವುದೊಂದೇ ದಾರಿ. 1870ರ ಸುಮಾರಿಗೆ ಕೊವೆಂಟ್ರಿಯ ಜೇಮ್ಸ್ ಸ್ಟಾರ್ಲಿ ಮೊದಲಾದವರು ಅದನ್ನೇ ಮಾಡಿದರು. 54 ಅಂಗುಲದ ಚಕ್ರವಾದರೆ ಒಂದು ತುಳಿತಕ್ಕೆ ನಾಲ್ಕು ಮೀಟರಿಗೂ ಹೆಚ್ಚು ದೂರ! ಸವಾರ ಮಾತ್ರ ಆಳೆತ್ತರದಲ್ಲಿ, ಮುಂದಿನ ಅಚ್ಚಿನ ನೆತ್ತಿಯ ಮೇಲೆಯೇ ಕುಳಿತಿರುತ್ತಿದ್ದ. ಒಂದು ಸಣ್ಣ ಕಲ್ಲು ಅಡ್ಡ ಸಿಕ್ಕರೆ ಸಾಕು, ಅಥವಾ ಬ್ರೇಕನ್ನು ಸ್ವಲ್ಪ ಬಿಗಿಯಾಗಿ ಹಿಡಿದರೆ ಸಾಕು, ಚಕ್ರ ನಿಲ್ಲುತ್ತಿತ್ತು, ಸವಾರ ನಿಲ್ಲುತ್ತಿರಲಿಲ್ಲ. ಹ್ಯಾಂಡಲಿನ ಕೆಳಗೆ ತೊಡೆ ಸಿಕ್ಕಿಕೊಂಡು ತಲೆ ಮೊದಲಾಗಿ ನೆಲಕ್ಕೆ ಬೀಳುವ ಈ ಪರಿಗೆ ಅಂದಿನ ಸವಾರರಲ್ಲಿ ಪ್ರತ್ಯೇಕವಾದ ಒಂದು ಹೆಸರೇ ಇತ್ತು. ಇಳಿಜಾರಿನಲ್ಲಿ ಅನುಭವಸ್ಥರು ಎರಡೂ ಕಾಲನ್ನು ಹ್ಯಾಂಡಲಿನ ಮೇಲೆ ಹೊರಚಾಚಿ ಕೂರುತ್ತಿದ್ದರು. ಬಿದ್ದರೂ ಕಾಲ ಮೇಲೆ ಬೀಳಬಹುದಲ್ಲ ಎಂಬ ಲೆಕ್ಕ. ಬೀಳುವುದನ್ನು ತಪ್ಪಿಸಲಾಗದಿದ್ದರೆ ಹೇಗೆ ಬೀಳಬೇಕೆಂಬುದನ್ನಾದರೂ ಕಲಿಯೋಣ ಎಂದವರು ಅವರು. ಇಂಥದೊಂದು ಎತ್ತರದ ಸೈಕಲ್ಲಿನ ಮೇಲೆಯೇ ಥಾಮಸ್ ಸ್ಟೀವನ್ಸ್ ಎಂಬಾತ 1884ರಿಂದ 1886ರವರೆಗೆ ಭೂಪ್ರದಕ್ಷಿಣೆ ಮಾಡಿದ, ಲಾಹೋರಿನಿಂದ ಕಲ್ಕತ್ತೆಯವರೆಗೆ ನಮ್ಮ ಗ್ರ್ಯಾಂಡ್ ಟ್ರಂಕ್ ರಸ್ತೆಯಲ್ಲಿಯೂ ಸವಾರಿ ಮಾಡಿದ ಎಂಬುದನ್ನು ಇಲ್ಲಿ ನೆನೆಯಬಹುದು.

ಈ ಎತ್ತರದ ಮೇಲಿಂದ ಬಿದ್ದವರಲ್ಲಿ ಅಮೆರಿಕದ ವಿನೋದ ಸಾಹಿತಿ ಮಾರ್ಕ್ ಟ್ವೇನ್ ಒಬ್ಬರು. ಐವತ್ತರ ಹತ್ತಿರ ಬಂದಿದ್ದಾಗ, 1884ರಲ್ಲಿ, ಒಬ್ಬ ಶಿಕ್ಷಕನನ್ನು ಗೊತ್ತುಮಾಡಿಕೊಂಡು ಅವರು ಸವಾರಿ ಕಲಿತರು. ಆ ಅನುಭವದ ಪ್ರಬಂಧ ಅಚ್ಚಾದದ್ದು ಅವರು ತೀರಿಕೊಂಡ ಮೇಲೆ, 1917ರಲ್ಲಿ. ನಗೆಯ ನಡುವೆ ಅವರು ಎರಡು ಗಟ್ಟಿ ಸಂಗತಿಗಳನ್ನು ಹೇಳಿದ್ದಾರೆ. ಯಾವ ಕಡೆಗೆ ಬೀಳುತ್ತಿದ್ದೀರೋ ಅದೇ ಕಡೆಗೆ ಹ್ಯಾಂಡಲು ತಿರುಗಿಸಬೇಕು; ಬುದ್ಧಿ ಇದನ್ನು ಒಪ್ಪಿದರೂ ಕೈ ಒಪ್ಪುವುದಿಲ್ಲ. ಇನ್ನೊಂದು ನಾಯಿಯ ವಿಚಾರ. ನಾಯಿಯನ್ನು ತಪ್ಪಿಸಲು ಹೋದರೇ ಅದಕ್ಕೆ ಡಿಕ್ಕಿ ಹೊಡೆಯುವುದು, ಏಕೆಂದರೆ ನಮ್ಮ ಲೆಕ್ಕ ನಾಯಿಗೆ ತಿಳಿಯುವುದಿಲ್ಲ. ನೇರವಾಗಿ, ನಿಧಾನವಾಗಿ ಹೋದರೆ ಅದು ತಾನೇ ಸರಿಯುತ್ತದೆ. ಮುಂಬಯಿಯ ಗಲ್ಲಿಗಳಲ್ಲಿ ಸೈಕಲ್ಲು ತುಳಿದ ನಮ್ಮ ಅನುಭವವೂ ಇದೇ. ನಾಯಿಯ ಜಾಗದಲ್ಲಿ ಪಾದಚಾರಿಯನ್ನಿಟ್ಟರೂ ಮಾತು ತಪ್ಪಾಗುವುದಿಲ್ಲ: ಎದುರಿನವರು ಊಹಿಸಬಲ್ಲಂತೆ ಹೋಗುವುದು ರಸ್ತೆಯಲ್ಲಿ ದೊಡ್ಡ ಗುಣ.

1885ರಲ್ಲಿ ಜೇಮ್ಸ್ ಸ್ಟಾರ್ಲಿಯ ಸೋದರನ ಮಗ ಜಾನ್ ಕೆಂಪ್ ಸ್ಟಾರ್ಲಿ ‘ರೋವರ್’ ಎಂಬ ಸೈಕಲ್ಲನ್ನು ಹೊರತಂದ. ಹೆಚ್ಚುಕಡಿಮೆ ಸರಿಸಮನಾದ ತಗ್ಗಿನ ಚಕ್ರಗಳು, ಹಿಂದಿನ ಚಕ್ರಕ್ಕೆ ಸರಪಳಿ, ಎರಡರ ನಡುವೆ ಸವಾರ. ಈ ಬಗೆಯ ಸೈಕಲ್ಲಿಗೆ ಬಂದ ಹೆಸರು ‘ಸೇಫ್ಟಿ’, ಎಂದರೆ ಸುರಕ್ಷೆ. ಇಂದು ಹಾಲಿನವನೂ ಪಾವಿನವನೂ ತುಳಿಯುವ ಸೈಕಲ್ಲಿನ ಪೂರ್ವಜ ಇದೇ. ವೇಗಕ್ಕಾಗಿ ಎತ್ತರಕ್ಕೆ ಹೋದ ಚಕ್ರವನ್ನು ಅಷ್ಟು ವರ್ಷಗಳ ಮುಗ್ಗರಿಕೆ ನೆಲಕ್ಕಿಳಿಸಿತು. ಚಕ್ರ ಸಣ್ಣದಾದಾಗ ಕುಲುಕಾಟ ಹೆಚ್ಚಿತು. ಅದಕ್ಕೆ ಪರಿಹಾರವಾಗಿ 1888ರಲ್ಲಿ ಬೆಲ್ಫಾಸ್ಟಿನ ಪಶುವೈದ್ಯ ಡನ್ಲಪ್ ತನ್ನ ಮಗನ ಮೂರು ಚಕ್ರದ ಸೈಕಲ್ಲಿಗಾಗಿ ಮಾಡಿದ ಗಾಳಿಯ ಟೈರು ಬಂತು. ಆಮೇಲೆ ಫ್ರೀವೀಲು. ಅದಕ್ಕೂ ಮೊದಲು ಚಕ್ರ ತಿರುಗುವವರೆಗೂ ಪೆಡಲು ತಿರುಗುತ್ತಲೇ ಇರುತ್ತಿತ್ತು; ಇಳಿಜಾರಿನಲ್ಲಿ ಕಾಲು ಜಾರಿದರೆ ಆ ಹುಚ್ಚುಪೆಡಲನ್ನು ಮತ್ತೆ ಹಿಡಿಯುವುದು ಕಷ್ಟ. ಬ್ರಿಟನ್ನಿನ 1888ರ ಕಾಯಿದೆಯೊಂದು ಬೈಸಿಕಲ್ಲನ್ನು ಗಾಡಿಯೆಂದು ಒಪ್ಪಿ, ರಾತ್ರಿ ದೀಪವಿರಬೇಕು, ಯಾರನ್ನಾದರೂ ಹಿಂದೆ ಹಾಕುವಾಗ ಗಂಟೆ ಬಾರಿಸಬೇಕು ಎಂದಿತು. ದೀಪವಿಲ್ಲದ ಸೈಕಲ್ಲಿನ ವಾಲ್ವು ಕಿತ್ತುಕೊಂಡು ಗಾಳಿ ಬಿಡುತ್ತಿದ್ದ ನಮ್ಮ ಕಾಲದ ಪೊಲೀಸರು ಅಂಥ ಕಾಯಿದೆಗಳ ವಂಶದವರೇ.

ಹೀಗೆ ಯಂತ್ರ ಕಲಿತದ್ದು ಕಬ್ಬಿಣದಲ್ಲಿ ಉಳಿಯುತ್ತದೆ. 1885ರ ನಂತರದವರು ಅದನ್ನು ಬಿದ್ದು ಕಲಿಯಬೇಕಾಗಿಲ್ಲ. ಸವಾರ ಕಲಿತದ್ದು ಹಾಗಲ್ಲ. ಅದು ಅವನ ಚರ್ಮದೊಡನೆಯೇ ಹೋಗುತ್ತದೆ. ಇದಕ್ಕೆ ಬರ್ನಾರ್ಡ್ ಶಾ ಮತ್ತು ಬರ್ಟ್ರೆಂಡ್ ರಸೆಲ್ ಇಬ್ಬರೇ ಸಾಕ್ಷಿ. 1895ರ ಸೆಪ್ಟೆಂಬರಿನಲ್ಲಿ ವೇಲ್ಸಿನ ಗಡಿಯ ಗುಡ್ಡಗಾಡಿನಲ್ಲಿ ಇಬ್ಬರೂ ‘ಸುರಕ್ಷೆ’ಯ ಸೈಕಲ್ಲಿನ ಮೇಲೆಯೇ ಹೊರಟಿದ್ದರು. ಮುಂದಿದ್ದ ರಸೆಲ್ ದಾರಿ ತಿಳಿಯಲು ಕೈಮರದ ಬಳಿ ಥಟ್ಟನೆ ನಿಂತರು. ಹಿಂದೆ ಇಳಿಜಾರಿನಲ್ಲಿ ಧಾವಿಸಿ ಬರುತ್ತಿದ್ದ ಶಾ ಬಂದು ಅಪ್ಪಳಿಸಿದರು. ಶಾ ಗಾಳಿಯಲ್ಲಿ ಹಾರಿ 20 ಅಡಿ ಆಚೆ ಬೆನ್ನಮೇಲೆ ಬಿದ್ದರೆಂದು ರಸೆಲ್ ಬರೆದಿದ್ದಾರೆ. ಆದರೂ ಶಾ ಎದ್ದು ತಮ್ಮ ಸೈಕಲ್ಲನ್ನೇರಿ ಹೊರಟರಂತೆ. ಮುರಿದ ಸೈಕಲ್ಲಿನ ರಸೆಲ್ ನಿಧಾನದ ರೈಲು ಹಿಡಿಯಬೇಕಾಯಿತು. ಪ್ರತಿ ನಿಲ್ದಾಣದಲ್ಲೂ ಶಾ ಸೈಕಲ್ಲಿನೊಡನೆ ಪ್ರತ್ಯಕ್ಷರಾಗಿ ಡಬ್ಬಿಯೊಳಗೆ ತಲೆ ಹಾಕಿ ಅಣಕಿಸಿ ಹೋದರಂತೆ! ಒಬ್ಬರು ಮಹಾ ನಾಟಕಕಾರ, ಇನ್ನೊಬ್ಬರು ಮಹಾ ತಾರ್ಕಿಕ. ಹಿಂದಿನವರಿಗೆ ಕೈ ತೋರಿಸದೆ ನಿಲ್ಲಬಾರದು, ಮುಂದಿನವರಿಗೆ ತೀರ ಅಂಟಿಕೊಂಡು ಇಳಿಜಾರು ಇಳಿಯಬಾರದು ಎಂಬ ಎರಡು ಸಣ್ಣ ವಿಷಯಗಳು ಆ ಇಬ್ಬರಿಗೂ ಅಂದು ಹೊಳೆಯಲಿಲ್ಲ.

ತಾನು ಏನು ಮಾಡುತ್ತಿದ್ದೇನೆಂದು ಸವಾರನಿಗೆ ತಿಳಿದಿರುವುದೂ ಇಲ್ಲ ಎಂದು ತೋರಿಸಿದವರು ವಿಮಾನ ಖ್ಯಾತಿಯ ವಿಲ್ಬರ್ ರೈಟ್. ಆ ಸಹೋದರರು ಮೂಲತಃ ಡೇಟನ್ ಊರಿನ ಸೈಕಲ್ ವ್ಯಾಪಾರಿಗಳು. ಎಡಕ್ಕೆ ಹೇಗೆ ತಿರುಗುತ್ತೀರಿ ಎಂದು ವಿಲ್ಬರ್ ಅನೇಕ ಸವಾರರನ್ನು ಕೇಳಿದರೂ ಪೂರ್ತಿ ಸರಿಯಾದ ಉತ್ತರ ಒಬ್ಬರಿಂದಲೂ ಬರಲಿಲ್ಲವಂತೆ. ನಿಜವೇನೆಂದರೆ ಎಡಕ್ಕೆ ತಿರುಗುವ ಮೊದಲು ನಾವು ಹ್ಯಾಂಡಲನ್ನು ಕ್ಷಣಕಾಲ ಬಲಕ್ಕೆ ಒತ್ತುತ್ತೇವೆ. ಚಕ್ರ ಬಲಕ್ಕೆ ಸರಿದು ಮೈ ಎಡಕ್ಕೆ ವಾಲಿದ ಮೇಲೆಯೇ ತಿರುವು. ಎಂಜಿನಿಯರ್ ರ‍್ಯಾಂಕಿನ್ 1869ರಲ್ಲಿಯೇ ಈ ಸೂಕ್ಷ್ಮವನ್ನು ಬರೆದಿದ್ದರು. ಓದಿದರೆ ಸಾಲದು, ಕೈಗೆ ಇಳಿಯಬೇಕು. ಖಾಲಿ ಮೈದಾನದಲ್ಲಿ ಒಂದು ಇಟ್ಟಿಗೆಯಿಟ್ಟು, ಅದನ್ನು ನೋಡದೆ ಅದರ ಪಕ್ಕದ ಜಾಗವನ್ನು ನೋಡುತ್ತ ತಪ್ಪಿಸಿ ಹೋಗುವುದನ್ನು ಹತ್ತಾರು ಬಾರಿ ಮಾಡಿದ ಹುಡುಗನಿಗೆ ರಸ್ತೆಯ ಗುಂಡಿ ಅಷ್ಟು ಅಪಾಯ ಮಾಡಲಾರದು. ಕಣ್ಣು ಎಲ್ಲಿ ನೆಟ್ಟಿತೋ ಚಕ್ರ ಅಲ್ಲಿಗೇ ಹೋಗುತ್ತದೆ. ಅಮೆರಿಕದ ಸಮಾಜ ಸುಧಾರಕಿ ಫ್ರಾನ್ಸಿಸ್ ವಿಲ್ಲರ್ಡ್ 53ನೆಯ ವಯಸ್ಸಿನಲ್ಲಿ ಸೈಕಲ್ಲು ಕಲಿತದ್ದು ಹೀಗೆಯೇ ಸ್ವಲ್ಪಸ್ವಲ್ಪವಾಗಿ: ದಿನಕ್ಕೆ ಸರಾಸರಿ ಕಾಲು ಗಂಟೆಯಂತೆ ಸುಮಾರು ಮೂರು ತಿಂಗಳು.

ತಪ್ಪಾಗಿ ಕಲಿತದ್ದೂ ಉಂಟು. ‘ಮುಂದಿನ ಬ್ರೇಕ್ ಹಿಡಿಯಬೇಡ, ಪಲ್ಟಿ ಹೊಡೆಯುತ್ತೀ’ ಎಂದು ನಮಗೆಲ್ಲ ಹಿರಿಯರು ಹೇಳಿದ್ದರು; ನಾವೂ ಮಕ್ಕಳಿಗೆ ಅದನ್ನೇ ಹೇಳಿದ್ದೇವೆ. ಆ ಎತ್ತರದ ಚಕ್ರದ ಭಯವೇ ಬಾಯಿಂದ ಬಾಯಿಗೆ ಇಳಿದು ಬಂದಿರಬಹುದೇ ಎಂದು ನಮಗೆ ಗುಮಾನಿ. ತಗ್ಗಿನ ಸೈಕಲ್ಲಿನಲ್ಲಿ ಬ್ರೇಕು ಹಿಡಿದಾಗ ಭಾರವೆಲ್ಲ ಮುಂದಕ್ಕೆ ಬರುವುದರಿಂದ ಮುಂದಿನ ಚಕ್ರವೇ ಸೈಕಲ್ಲನ್ನು ಚೆನ್ನಾಗಿ ನಿಲ್ಲಿಸಬಲ್ಲುದು. ಹಿಂದಿನದನ್ನು ಮಾತ್ರ ಹಿಡಿದರೆ ಅದು ಉಜ್ಜಿಕೊಂಡು ಜಾರುತ್ತದೆ, ನಿಲ್ಲುವುದು ತಡ. ಎರಡನ್ನೂ ಹಿಡಿಯಬೇಕು, ಮುಂದಿನದನ್ನು ಹಂತಹಂತವಾಗಿ ಬಿಗಿಮಾಡಬೇಕು, ಮೈಯನ್ನು ಹಿಂದಕ್ಕೆ ಸರಿಸಿಕೊಳ್ಳಬೇಕು. ಮರಳಿನ ಮೇಲೆ, ತಿರುವಿನ ನಡುವೆ ಮಾತ್ರ ಮುಂದಿನದು ಬೇಡ. ಮಳೆಗಾಲಕ್ಕೆ ಬೇರೆಯೇ ಪಾಠ: ಹಳೆಯ ಮಾದರಿಯ ಉಕ್ಕಿನ ರಿಮ್ಮು ಒದ್ದೆಯಾದರೆ ಬ್ರೇಕಿನ ಹಿಡಿತ ಬಹುಮಟ್ಟಿಗೆ ಇಲ್ಲವಾಗುತ್ತದೆ. ನಿಲ್ಲಬೇಕಾದ ಜಾಗಕ್ಕೆ ಬಹಳ ಮೊದಲೇ ಬ್ರೇಕನ್ನು ಹಗುರವಾಗಿ ತಾಗಿಸಿ ನೀರು ಒರೆಸಿಕೊಂಡಿರಬೇಕು. ಜೂನ್ ತಿಂಗಳ ಮುಂಬಯಿಯಲ್ಲಿ ಇದು ಗೊತ್ತಿಲ್ಲದೆ ನಾವು ಒಮ್ಮೆ ಎಳನೀರಿನ ಗಾಡಿಯೊಂದನ್ನು ಆಲಿಂಗಿಸಿದ್ದುಂಟು. ನಷ್ಟ ಮೂರು ಎಳನೀರು, ಒಂದು ಕನ್ನಡಕ. ತಲೆಗೆ ಏನೂ ಆಗಲಿಲ್ಲ ಎಂಬುದು ಅದೃಷ್ಟವೇ ಹೊರತು ಜಾಣತನವಲ್ಲ. ಸೈಕಲ್ಲಿಗೆಂದೇ ಮಾಡಿದ ಗಟ್ಟಿ ಹೆಲ್ಮೆಟ್ಟುಗಳು 1970ರ ದಶಕದಿಂದ ಬಳಕೆಗೆ ಬಂದಿದ್ದರೂ ನಾವು ಆಗ ಅದನ್ನು ಕಣ್ಣಿನಿಂದಲೂ ಕಂಡಿರಲಿಲ್ಲ.

ಯಂತ್ರ ಕಲಿತು, ಸವಾರ ಕಲಿತು, ರಸ್ತೆ ಕಲಿಯದಿದ್ದರೆ? ಇಂದು ಸೈಕಲ್ಲಿನ ಸ್ವರ್ಗವೆನಿಸಿದ ನೆದರ್ಲೆಂಡ್ಸ್‌ನಲ್ಲಿ 1971ರ ಒಂದೇ ವರ್ಷ ರಸ್ತೆ ಅಪಘಾತಗಳಲ್ಲಿ ಸುಮಾರು 3,300 ಮಂದಿ ಸತ್ತರು. ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ‘ಮಕ್ಕಳ ಕೊಲೆ ನಿಲ್ಲಿಸಿ’ ಎಂಬ ಹೆಸರಿನಲ್ಲೇ ತಾಯಿತಂದೆಯರು ಬೀದಿಗಿಳಿದರು. ಅಲ್ಲಿನ ಪ್ರತ್ಯೇಕ ಸೈಕಲ್ ದಾರಿಗಳು, ನಿಧಾನ ಬೀದಿಗಳು ಆ ಕೂಗಿನ ಬಳಿಕ ಹಬ್ಬಿದವು. ಅಂದರೆ ಅಲ್ಲಿಯ ರಸ್ತೆ ಕಲಿತದ್ದೂ ಬಿದ್ದವರಿಂದಲೇ. ನಮ್ಮ ಮಹಾನಗರಗಳಲ್ಲಿ ಬಣ್ಣ ಬಳಿದ ಸೈಕಲ್ ದಾರಿ ಎಂದರೆ ಕಾರು ನಿಲ್ಲಿಸಲು ಗೊತ್ತುಮಾಡಿದ ಜಾಗ ಎಂದು ತಿಳಿದವರೇ ಹೆಚ್ಚು. ನಿಂತ ಕಾರಿನ ಬಾಗಿಲು ಥಟ್ಟನೆ ತೆರೆದುಕೊಳ್ಳುವುದರಿಂದ, ಒಂದು ಬಾಗಿಲಗಲದಷ್ಟು ದೂರ ಬಿಟ್ಟೇ ಹೋಗಬೇಕೆಂಬ ಪಾಠವನ್ನು ಇಲ್ಲಿನ ಸವಾರ ತಾನೇ ಕಲಿತುಕೊಳ್ಳಬೇಕು.

ಮುಂಬಯಿಯ ರಸ್ತೆ ತಾನಾಗಿಯೇ ಬಿಟ್ಟುಕೊಟ್ಟ ಅಪಾಯ ಒಂದುಂಟು, ಟ್ರಾಮಿನ ಹಳಿ. ಇಲ್ಲಿ 1874ರಲ್ಲಿ ಕುದುರೆ ಟ್ರಾಮು ಬಂತು, 1907ರಲ್ಲಿ ವಿದ್ಯುತ್ ಟ್ರಾಮು. 1964ರ ಮಾರ್ಚ್ 31ರಂದು ಕೊನೆಯ ಟ್ರಾಮು ಓಡಿತು. ರಸ್ತೆಯ ಮಟ್ಟದಲ್ಲಿಯೇ ಇರುತ್ತಿದ್ದ ಆ ಹಳಿಗಳನ್ನು ಓರೆಯಾಗಿ ದಾಟಹೊರಟರೆ ಸೈಕಲ್ಲಿನ ಚಕ್ರ ಹಳಿಯ ಸೀಳಿಗೆ ಸಿಕ್ಕಿಕೊಳ್ಳುತ್ತಿತ್ತು, ಇಲ್ಲವೇ ಒದ್ದೆ ಹಳಿಯ ಮೇಲೆ ಜಾರುತ್ತಿತ್ತು. ನಮ್ಮ ಬಳಗದ ಹಿರಿಯರೊಬ್ಬರು ದಕ್ಷಿಣ ಕನ್ನಡದಿಂದ ಹುಡುಗನಾಗಿ ಬಂದು, ಹಗಲು ಕೋಟೆ ಭಾಗದ ಹೋಟೆಲೊಂದರಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಓದಿದವರು. 1961ರ ಮಳೆಗಾಲದ ಒಂದು ಮಧ್ಯಾಹ್ನ ಹ್ಯಾಂಡಲಿಗೆ ಎರಡು ಟಿಫಿನ್ ಕ್ಯಾರಿಯರ್ ತೂಗುಹಾಕಿಕೊಂಡು ಹೋಗುವಾಗ ಹಳಿ ಅವರನ್ನು ಹಿಡಿಯಿತು. ಮೊಣಕೈ ಬಿರಿಯಿತು, ಸಾಂಬಾರು ರಸ್ತೆಯ ಪಾಲಾಯಿತು, ಎರಡು ಊಟದ ಹಣವನ್ನು ಧಣಿಗಳು ಸಂಬಳದಲ್ಲಿ ಹಿಡಿದುಕೊಂಡರು. ಆಮೇಲೆ ಅವರು ಹ್ಯಾಂಡಲಿಗೆ ಭಾರ ತೂಗುಹಾಕಿದ್ದಿಲ್ಲ.

2017ರಲ್ಲಿ ಫ್ಲೋರಾ ಫೌಂಟನ್ನಿನ ಜೀರ್ಣೋದ್ಧಾರಕ್ಕೆಂದು ಅಗೆದಾಗ ಡಾಂಬರಿನ ಅಡಿಯಿಂದ ಆ ಹಳಿಗಳು ಹೊರಬಂದವು. ಸುದ್ದಿ ಓದಿ ಅವರೇ ನಮಗೆ ಫೋನು ಮಾಡಿದರು, ‘ಬನ್ನಿ ಮಾರಾಯ್ರೆ, ನನ್ನ ಹಳೆಯ ಗುರುವನ್ನು ತೋರಿಸುತ್ತೇನೆ.’ ಹೋದೆವು. ಬೇಲಿಯ ಆಚೆ ಮಣ್ಣು ಮೆತ್ತಿದ ಒಂದು ತುಂಡು ಹಳಿ ಕಾಣುತ್ತಿತ್ತು. ಅವರು ಅಂಗಿಯ ತೋಳು ಮಡಿಸಿ ಮೊಣಕೈಯ ಕಲೆಯನ್ನೂ ಹಳಿಯನ್ನೂ ಒಂದರ ನಂತರ ಒಂದು ನೋಡಿ, ಬೆರಳಿನಿಂದ ಗಾಳಿಯಲ್ಲಿ ಒಂದು ಗೆರೆಯೆಳೆದರು. ‘ಹೀಗೆ ನೇರ ದಾಟಬೇಕಿತ್ತು ನೋಡಿ. ನಾನು ಹೀಗೆ ಹೋದೆ’ ಎಂದು ಓರೆಯಾಗಿ ಇನ್ನೊಂದು ಗೆರೆ ಎಳೆದರು. ಪಕ್ಕದಲ್ಲಿ ಕೆಲಸ ಮಾಡುತ್ತಿದ್ದ ಹುಡುಗನೊಬ್ಬ ಹಾರೆ ಊರಿ ನಿಂತು, ಏನಾಯಿತು ಅಜ್ಜ ಎಂದು ಹಿಂದಿಯಲ್ಲಿ ಕೇಳಿದ. ಇವರು ಅವನಿಗೆ ಸಾಂಬಾರಿನ ಕಥೆಯನ್ನು ಮೊದಲಿನಿಂದ ಶುರುಮಾಡಿದರು.