ತಂಗಡಿಯ ಒಗರು ಮತ್ತು ಕಿಣ್ವದ ಪರೀಕ್ಷೆ

ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಂಥ ಒಣಬೇಸಾಯದ ಸೀಮೆಯಲ್ಲಿ ಸಕ್ಕರೆ ಕಾಯಿಲೆಗೆ ನಾಟಿ ಔಷಧವೆಂದರೆ ತಂಗಡಿ, ಮಧುನಾಶಿನಿ, ನೇರಳೆ ಬೀಜ, ಅಮೃತಬಳ್ಳಿ ಮುಂತಾದವು. ಇವುಗಳಲ್ಲಿ ಕಿಣ್ವ ತಡೆಯುವ ಗುಣ ಯಾವುದಕ್ಕಿದೆ ಎಂದು ಪತ್ತೆಹಚ್ಚುವ ಬಗೆಯನ್ನು ಈ ಟಿಪ್ಪಣಿ ಪರಿಶೀಲಿಸುತ್ತದೆ.

ಜೋಳದ ರೊಟ್ಟಿಯ ಪಿಷ್ಟವನ್ನು ಜೊಲ್ಲು ಮತ್ತು ಮೇದೋಜೀರಕ ಗ್ರಂಥಿಯ ಆಲ್ಫಾ ಅಮೈಲೇಸ್ ತುಂಡರಿಸುತ್ತದೆ. ಸಣ್ಣಕರುಳಿನ ಒಳಪದರದಲ್ಲಿರುವ ಆಲ್ಫಾ ಗ್ಲುಕೋಸಿಡೇಸ್ ಆ ತುಂಡುಗಳನ್ನು ಗ್ಲೂಕೋಸ್ ಆಗಿಸುತ್ತದೆ. ಇವೆರಡನ್ನು ತಡೆದರೆ ಊಟದ ನಂತರ ರಕ್ತದ ಸಕ್ಕರೆ ನಿಧಾನವಾಗಿ ಏರುತ್ತದೆ. ಅಕಾರ್ಬೋಸ್ ಮಾತ್ರೆಯ ಕೆಲಸವೂ ಇದೇ. ಗಿಡಗಳಲ್ಲಿ ಇಂಥ ವಸ್ತು ಇರುವುದು ನಿಜ: ಏಕನಾಯಕ ಬಳ್ಳಿಯಿಂದ ಬೇರ್ಪಡಿಸಿದ ಸಲಾಸಿನಾಲ್ ಕುರಿತು ಜಪಾನಿನ ವಿಜ್ಞಾನಿಗಳು 1997ರಲ್ಲೇ ವರದಿ ಮಾಡಿದರು.

ತೊಡಕಿರುವುದು ಪರೀಕ್ಷೆಯಲ್ಲಿ. ತಂಗಡಿಯನ್ನೇ ನೋಡಿ. ಅದರ ತೊಗಟೆಯಿಂದ ಚರ್ಮ ಹದ ಮಾಡುತ್ತಿದ್ದರು. ತೊಗಟೆಯ ಟ್ಯಾನಿನ್ ಚರ್ಮದ ಪ್ರೋಟೀನಿಗೆ ಅಂಟಿಕೊಳ್ಳುವಂತೆಯೇ ಕಿಣ್ವಕ್ಕೂ ಅಂಟಿಕೊಳ್ಳುತ್ತದೆ, ಕಿಣ್ವವೂ ಒಂದು ಪ್ರೋಟೀನೇ ಅಲ್ಲವೆ? ಆಗ, ಕಿಣ್ವ ಕೆಲಸ ಮಾಡಿದರೆ ಪ್ರನಾಳದಲ್ಲಿ ಮೂಡಬೇಕಾದ ಹಳದಿ ಬಣ್ಣ ಮೂಡುವುದಿಲ್ಲ, 405 ನ್ಯಾನೋಮೀಟರಿನಲ್ಲಿ ಅಳೆದರೆ ‘ಪ್ರಬಲ ತಡೆ’ ಎಂದು ಕಾಣುತ್ತದೆ. ಆದರೆ ಊಟದ ಪ್ರೋಟೀನು ತುಂಬಿದ ಕರುಳಿನಲ್ಲಿ ಅದೇ ಪರಿಣಾಮ ಉಳಿಯುತ್ತದೆಂದು ಇದರಿಂದ ಹೇಳಲಾಗದು. ಹಾಗಾಗಿ ತೊಗಲಿನ ಪುಡಿ ಅಥವಾ ಪಾಲಿವಿನೈಲ್ ಪಿರೊಲಿಡೋನ್ ಬಳಸಿ ಟ್ಯಾನಿನ್ ತೆಗೆದು, ಸಾರವನ್ನು ಮತ್ತೊಮ್ಮೆ ಅಳೆಯಲೇಬೇಕು.

ಎರಡನೆಯ ತೊಡಕು ಇನ್ನೂ ಗಂಭೀರ. ಅಗ್ಗವಾಗಿ ಸಿಗುತ್ತದೆಂದು ಯೀಸ್ಟ್‌ನ ಗ್ಲುಕೋಸಿಡೇಸ್ ಬಳಸುವುದು ರೂಢಿ. ಅಕಾರ್ಬೋಸ್ ಈ ಕಿಣ್ವವನ್ನು ತಡೆಯುವುದು ಬಹಳ ಕಡಿಮೆ. ಅದರ ಬಲ ಕಾಣುವುದು ಸಸ್ತನಿಗಳ ಕರುಳಿನ ಕಿಣ್ವದ ಮೇಲೆ. ಯೀಸ್ಟ್ ಕಿಣ್ವವನ್ನು ಮಾತ್ರ ನೋಡಿ ‘ಅಕಾರ್ಬೋಸ್‌ಗಿಂತ ಉತ್ತಮ’ ಎಂದು ಬರೆಯುವುದು ನನ್ನ ದೃಷ್ಟಿಯಲ್ಲಿ ಒಪ್ಪತಕ್ಕದ್ದಲ್ಲ. ಇಲಿಯ ಕರುಳಿನ ಕಿಣ್ವದಲ್ಲೂ ಫಲಿತಾಂಶ ಬರಬೇಕು.

ಕಿಣ್ವ ತಡೆಯದ ಗಿಡವೆಲ್ಲ ನಿಷ್ಪ್ರಯೋಜಕವೆಂದೂ ಅಲ್ಲ. ಮಧುನಾಶಿನಿ ಎಲೆ ಅಗಿದರೆ ಸಕ್ಕರೆ ಸಿಹಿ ಹತ್ತುವುದಿಲ್ಲ. ಅದರ ಜಿಮ್ನೆಮಿಕ್ ಆಮ್ಲಗಳು ನಾಲಿಗೆಯ ಸಿಹಿ ಗ್ರಾಹಕಗಳನ್ನು ತಡೆಯುತ್ತವೆ. ಅದರ ದಾರಿಯೇ ಬೇರೆ. ನಾಟಿ ವೈದ್ಯರು ನೀರಿನಲ್ಲಿ ಕುದಿಸಿದ ಕಷಾಯ ಕೊಡುತ್ತಿದ್ದರೆ ಪ್ರಯೋಗಾಲಯವೂ ಅದನ್ನೇ ಪರೀಕ್ಷಿಸಬೇಕು, ಬರೀ ಮೆಥನಾಲ್ ಸಾರವನ್ನಲ್ಲ. ಗಿಡದ ಗುರುತಿಗೆ ಒಣಮಾದರಿಯನ್ನು ಸಸ್ಯಾಲಯದಲ್ಲಿ ಇಡಬೇಕು. ಗುಲಬರ್ಗಾ (ಈಗಿನ ಕಲಬುರಗಿ) ಜಿಲ್ಲೆಯ ಸಸ್ಯಸಂಪತ್ತನ್ನು ದಾಖಲಿಸಿದ ಗ್ರಂಥ 2000ದಿಂದಲೇ ನಮ್ಮ ಕೈಯಲ್ಲಿದೆ. ಮಾಹಿತಿ ಕೊಟ್ಟ ವೈದ್ಯರ ಒಪ್ಪಿಗೆ ಪಡೆಯಬೇಕು, 2002ರ ಜೀವವೈವಿಧ್ಯ ಕಾಯ್ದೆಯ ಆಶಯದಂತೆ ಲಾಭದಲ್ಲಿ ಅವರಿಗೂ ಪಾಲು ಸಲ್ಲಬೇಕು.

ಓದುಗರಲ್ಲಿ ಒಂದು ಮನವಿ: ಪ್ರನಾಳದ ಫಲಿತಾಂಶ ನಂಬಿ ವೈದ್ಯರು ಕೊಟ್ಟ ಮಾತ್ರೆ ಬಿಡಬೇಡಿ. ಕಷಾಯ ಕುಡಿಯುತ್ತಿದ್ದರೆ ಅದನ್ನು ಅವರಿಗೆ ತಿಳಿಸಿ.