ದಲಾಲನು ಯಾರ ಕಡೆಯವನು?

ಹಾವೇರಿಯ ದನದ ಸಂತೆಯಲ್ಲಿ, ಹೋರಿಗಳ ಕೊರಳ ಗೆಜ್ಜೆಯ ಸಪ್ಪಳದ ನಡುವೆ, ಇಬ್ಬರು ಎದುರುಬದುರಾಗಿ ನಿಂತು, ಒಬ್ಬರ ಕೈಯನ್ನೊಬ್ಬರು ಹಿಡಿದು, ಆ ಕೈಗಳ ಮೇಲೆ ಹೆಗಲಿನ ವಸ್ತ್ರವನ್ನು ಹೊದಿಸಿ, ಮಾತಿಲ್ಲದೆ ಮುಖಮುಖ ನೋಡುತ್ತಿರುವ ದೃಶ್ಯವನ್ನು ಬಾಲ್ಯದಲ್ಲಿ ಮೊದಲ ಸಲ ಕಂಡಾಗ, ಇದು ಯಾವುದೋ ವ್ರತವಿರಬೇಕೆಂದು ನಾನು ಭಾವಿಸಿದ್ದೆನು. ವಸ್ತ್ರದ ಮರೆಯಲ್ಲಿ ನಡೆಯುತ್ತಿದ್ದುದು ವ್ಯಾಪಾರವೆಂದು ಆಮೇಲೆ ತಿಳಿಯಿತು. ಎರಡು ಬೆರಳು ಹಿಡಿದರೆ ಎರಡು, ಐದನ್ನೂ ಕೂಡಿಸಿ ಅದುಮಿದರೆ ಐದು. ಅವು ನೂರುಗಳೋ ಸಾವಿರಗಳೋ ಎಂಬುದನ್ನು ಎತ್ತಿನ ಹಲ್ಲು ಎಣಿಸಿದವನಿಗೆ ಬೇರೆಯಾಗಿ ಹೇಳಬೇಕಾಗಿರಲಿಲ್ಲ. ದಲಾಲನು ಮೊದಲು ಮಾರುವವನ ಬೆರಳು ಹಿಡಿದು ಬರುವನು, ಆಮೇಲೆ ಕೊಳ್ಳುವವನ ಬೆರಳು ಹಿಡಿಯುವನು, ಮತ್ತೆ ಮೊದಲಿನವನ ಹತ್ತಿರ ಹೋಗುವನು. ಸುತ್ತ ನಿಂತ ನೂರು ಜನರಲ್ಲಿ ಎರಡೂ ಸಂಖ್ಯೆಗಳನ್ನು ಬಲ್ಲವನು ಅವನೊಬ್ಬನೇ. ಅವನ ಅನ್ನವಿದ್ದುದು ಆ ಎರಡು ಸಂಖ್ಯೆಗಳ ನಡುವಿನ ಅಂತರದಲ್ಲಿ.

ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರುಗಳಂಥ ಊರುಗಳಲ್ಲಿ ಮಳಿಗೆ ಕಚೇರಿಗಳನ್ನು ಬಾಡಿಗೆಗೆ ಹಿಡಿಯುವ ವಿಷಯವಾಗಿ ಬರೆಯಹೊರಟವನು ಎತ್ತಿನ ಸಂತೆಯಿಂದ ಆರಂಭಿಸಿದ್ದು ಏಕೆಂದರೆ, ಪೇಟೆಯ ಮಧ್ಯಸ್ಥನನ್ನು ಕುರಿತು ಈ ಸೀಮೆಯವರು ತಿಳಿದುದೆಲ್ಲವೂ ಸಂತೆಯಲ್ಲಿಯೂ ಅಡತಿಯ ಅಂಗಡಿಯಲ್ಲಿಯೂ ತಿಳಿದುದೇ ಆಗಿದೆ. ಕಟ್ಟಡದ ದಲಾಲಿಯು ಬಂದುದು ತೀರ ಈಚೆಗೆ.

ಪೂರ್ವಕಾಲದಲ್ಲಿ ಈ ಪ್ರದೇಶವು ವಣಿಜರಿಗೆ ಅಪರಿಚಿತವಾಗಿರಲಿಲ್ಲ. ಪಾನುಂಗಲ್ಲು ಐನೂರು ಎಂಬ ನಾಡಿನ ರಾಜಧಾನಿಯಾಗಿ ಕದಂಬರ ಶಾಖೆಯೊಂದಕ್ಕೆ ನೆಲೆಯಾಗಿದ್ದ ಹಾನಗಲ್ಲಿಗೆ ದಕ್ಷಿಣದಲ್ಲಿ, ಹಿರೇಕೆರೂರು ಸೀಮೆಯ ಗಡಿಯಾಚೆ, ಬಳ್ಳಿಗಾವೆಯ ಮಹಾಪಟ್ಟಣವಿತ್ತು. ಉತ್ತರಕ್ಕೆ ಇಂದಿನ ಶಿಗ್ಗಾಂವಿ ತಾಲೂಕಿನ ಬಂಕಾಪುರವಿತ್ತು. ರಾಷ್ಟ್ರಕೂಟರ ಸಾಮಂತನಾದ ಬಂಕೆಯನ ಹೆಸರನ್ನು ಹೊತ್ತ ಆ ಊರಿನಲ್ಲಿ ಅರವತ್ತು ಕಂಬದ ಗುಡಿಯೆಂದು ಜನರು ಕರೆಯುವ ದೇವಾಲಯದ ನಿಜವಾದ ಹೆಸರು ನಗರೇಶ್ವರ. ಶಾಸನಗಳ ಭಾಷೆಯಲ್ಲಿ ನಗರವೆಂದರೆ ಊರು ಮಾತ್ರವಲ್ಲ, ಊರಿನ ವ್ಯಾಪಾರಿಗಳ ಸಂಘಟಿತ ಸಮೂಹವೂ ಹೌದು; ನಗರೇಶ್ವರನು ಆ ಸಮೂಹದ ದೇವರು. ಅಯ್ಯಾವೊಳೆಯ ಐನೂರ್ವರು ದೇಶಾಂತರಗಳಲ್ಲಿ ವ್ಯವಹರಿಸುತ್ತಿದ್ದ ಆ ಕಾಲದಲ್ಲಿ ಪಟ್ಟಣಕ್ಕೆ ಪಟ್ಟಣಸ್ವಾಮಿಯೆಂಬ ವಣಿಕ್ಪ್ರಮುಖನಿರುತ್ತಿದ್ದನು. ಅಂಗಡಿಗಳನ್ನೂ ಗಾಣಗಳನ್ನೂ ನಿವೇಶನಗಳನ್ನೂ ದೇವರ ನಂದಾದೀವಿಗೆಗೆ ದತ್ತಿಬಿಟ್ಟ ಶಾಸನಗಳು ಕನ್ನಡನಾಡಿನಲ್ಲಿ ಬೇಕಾದಷ್ಟಿವೆ. ಅಂದರೆ ಅಂಗಡಿಯಲ್ಲಿ ಕುಳಿತವನೊಬ್ಬ, ಅದರ ಹುಟ್ಟುವಳಿಯನ್ನುಣ್ಣುವವನು ಇನ್ನೊಬ್ಬ, ಎಂಬ ವ್ಯವಸ್ಥೆ ನಮಗೆ ಹೊಸದಲ್ಲ. ಆ ಇನ್ನೊಬ್ಬನು ಬಹುಶಃ ಶಿವನೇ ಆಗಿರುತ್ತಿದ್ದುದರಿಂದ ಬಾಡಿಗೆಯ ವಿಷಯದಲ್ಲಿ ಚೌಕಾಶಿಗೆ ಅವಕಾಶ ಕಡಮೆಯಿದ್ದಿರಬೇಕು.

ದಲಾಲ ಎಂಬ ಶಬ್ದವು ಅರಬ್ಬಿಯದು. ದಾರಿ ತೋರಿಸುವವನು ಎಂಬುದು ಅದರ ಮೂಲಾರ್ಥ. ಬಿಜಾಪುರದ ಆದಿಲಶಾಹಿಯ ಕಾಲದಲ್ಲಿಯೂ, ಆಮೇಲೆ ಸವಣೂರು ನವಾಬರ ಕಾಲದಲ್ಲಿಯೂ, ಬಜಾರ, ಕರಾರು, ಗುಮಾಸ್ತ, ಅನಾಮತ್ತು, ಜಾಮೀನು ಮೊದಲಾದ ಮಾತುಗಳ ಜೊತೆಗೆ ಈ ಮಾತು ನಮ್ಮ ಪೇಟೆಯಲ್ಲಿ ನೆಲೆಯೂರಿತು. ಬಾಡಿಗೆ ಎಂಬ ಪದ ಮಾತ್ರ ಸಂಸ್ಕೃತದ ಭಾಟಕದಿಂದ ಬಂದ ತದ್ಭವ. ಹೀಗಾಗಿ ನಮ್ಮಲ್ಲಿ ಒಂದು ಮಳಿಗೆಯ ಕಾಗದಪತ್ರವಾಗಬೇಕಾದರೆ ಸಂಸ್ಕೃತ, ಪಾರಸಿ, ಅರಬ್ಬಿ ಮೂರೂ ಸೇರಬೇಕು. ಇಂಗ್ಲಿಷಿನ ಡಿಪಾಜಿಟ್ಟು ಬಂದು ಅನಾಮತ್ತನ್ನು ಮೂಲೆಗೆ ತಳ್ಳಿದ್ದು ನಮ್ಮ ಕಣ್ಣೆದುರಿನ ಸಂಗತಿ.

ದಾರಿ ತೋರಿಸುವವನು, ಸರಿ, ಆದರೆ ಯಾರಿಗೆ? ಈ ಪ್ರಶ್ನೆ ಬಲವಾಗಿ ಎದ್ದುದು ಅಡತಿಯ ವ್ಯಾಪಾರದಲ್ಲಿ. ಹತ್ತಿ, ಮೆಣಸಿನಕಾಯಿ, ಭತ್ತ, ಜೋಳಗಳನ್ನು ಬಂಡಿಯಲ್ಲಿ ಹೇರಿಕೊಂಡು ಬರುವ ರೈತನು ವರ್ಷಕ್ಕೊಮ್ಮೆ ಮಾರುವವನು. ಕೊಳ್ಳುವ ವರ್ತಕನಾದರೋ ದಿನವೂ ಕೊಳ್ಳುವವನು. ವರ್ಷಕ್ಕೊಮ್ಮೆ ಪೇಟೆಗೆ ಬಂದವನ ಅಜ್ಞಾನಕ್ಕೂ ದಿನವೂ ಪೇಟೆಯಲ್ಲಿರುವವನ ಜ್ಞಾನಕ್ಕೂ ನಡುವೆ ಒಬ್ಬನು ಬೇಕು, ಅವನು ರೈತನ ಪರವಾಗಿ ಮಾತನಾಡಬೇಕು, ಎಂಬ ನ್ಯಾಯದ ಮೇಲೆಯೇ ಅಡತಿಯು ನಿಂತಿತ್ತು. ಮಾಲನ್ನು ತನ್ನ ಅಂಗಡಿಯ ಮುಂದೆ ಇಳಿಸಿಕೊಂಡು, ರಾತ್ರಿ ರೈತನಿಗೆ ಮಲಗಲು ಜಾಗ ಕೊಟ್ಟು, ಬೆಳಗ್ಗೆ ನಾಲ್ಕು ವರ್ತಕರನ್ನು ಕರೆದು ತೋರಿಸುವ ಅಡತ್ಯಾನು ನಿಜಕ್ಕೂ ಉಪಕಾರಿಯಾಗಿದ್ದನು. ಆದರೆ ಮುಂಗಾರಿನಲ್ಲಿ ಬೀಜಗೊಬ್ಬರಕ್ಕೆ ಸಾಲ ಕೊಟ್ಟವನೂ ಅವನೇ ಆದುದರಿಂದ, ಸುಗ್ಗಿಯಲ್ಲಿ ಮಾಲು ಬೇರೆ ಅಂಗಡಿಗೆ ಹೋಗುವಂತಿರಲಿಲ್ಲ. ದಿನವೂ ಮುಖ ನೋಡಬೇಕಾದ ವರ್ತಕನೊಡನೆ ವರ್ಷಕ್ಕೊಮ್ಮೆ ಬರುವವನಿಗಾಗಿ ಜಗಳವಾಡಲು ಅವನಿಗೆ ಮನಸ್ಸೂ ಬರುತ್ತಿರಲಿಲ್ಲ. ದಲಾಲಿ, ಹಮಾಲಿ, ತೂಕದ ಕೂಲಿ, ಧರ್ಮಾದಾಯ ಎಂದು ಪಟ್ಟಿಯಲ್ಲಿ ಮುರಿದುಕೊಂಡು ಉಳಿದ ಹಣವನ್ನು ಸಾಲಕ್ಕೆ ಜಮಾ ಮಾಡಿದ ಮೇಲೆ, ರೈತನ ರುಮಾಲಿನ ತುದಿಯಲ್ಲಿ ಗಂಟು ಹಾಕುವಷ್ಟು ಸಹ ಉಳಿಯದ ವರ್ಷಗಳಿದ್ದುವು.

೧೯೨೬ರಲ್ಲಿ ನೇಮಕವಾಗಿ ೧೯೨೮ರಲ್ಲಿ ವರದಿ ಕೊಟ್ಟ ರಾಯಲ್ ಕೃಷಿ ಆಯೋಗವು ಇಂಥ ಮುರಿತಗಳನ್ನು ಖಂಡಿಸಿ ನಿಯಂತ್ರಿತ ಮಾರುಕಟ್ಟೆಗಳನ್ನು ಸ್ಥಾಪಿಸಬೇಕೆಂದಿತು. ಮುಂಬಯಿ ಪ್ರಾಂತವು ೧೯೨೭ರಲ್ಲಿ ಹತ್ತಿಯ ಮಾರುಕಟ್ಟೆಗಳಿಗೆಂದೂ, ೧೯೩೯ರಲ್ಲಿ ಎಲ್ಲ ಕೃಷ್ಯುತ್ಪನ್ನಗಳಿಗೆಂದೂ ಕಾಯಿದೆಗಳನ್ನು ಮಾಡಿತು. ಇಲ್ಲೊಂದು ವಿನೋದವುಂಟು: ಹಾನಗಲ್ಲು, ಹಿರೇಕೆರೂರು, ಬಂಕಾಪುರಗಳು ಧಾರವಾಡ ಜಿಲ್ಲೆಗೆ ಸೇರಿದ್ದರಿಂದ ಮುಂಬಯಿಯ ಶಾಸನಕ್ಕೆ ಒಳಪಟ್ಟಿದ್ದರೆ, ಅವುಗಳ ನಡುವೆಯೇ ಸುಮಾರು ೭೦ ಚದರ ಮೈಲಿಯ ಸವಣೂರು ಸಂಸ್ಥಾನವು ೧೯೪೮ರಲ್ಲಿ ವಿಲೀನವಾಗುವ ತನಕ ನವಾಬರ ಆಳಿಕೆಯಲ್ಲಿದ್ದಿತು, ವೀಳ್ಯದೆಲೆಯ ಪೆಂಡಿಯನ್ನು ಹೊತ್ತವನು ಕೆಲವು ಮೈಲಿ ನಡೆದರೆ ಒಂದು ಕಾನೂನಿನಿಂದ ಇನ್ನೊಂದು ಕಾನೂನಿಗೆ ದಾಟುತ್ತಿದ್ದನು. ಏಕೀಕರಣವಾದ ಬಳಿಕ ೧೯೬೬ರ ಕೃಷಿ ಉತ್ಪನ್ನ ಮಾರುಕಟ್ಟೆ ಕಾಯಿದೆ ಬಂದು, ವಸ್ತ್ರದ ಮರೆಯ ಬೆರಳಾಟವು ಪ್ರಾಂಗಣದಿಂದ ಹೊರಬಿದ್ದಿತು. ಬಹಿರಂಗ ಲೀಲಾವು ಮತ್ತು ಟೆಂಡರು ಬಂದುವು. ದಲಾಲಿಯನ್ನು ಖರೀದಿದಾರನಿಂದಲೇ ಪಡೆಯಬೇಕು, ರೈತನ ಪಟ್ಟಿಯಿಂದ ಮುರಿಯಕೂಡದು ಎಂಬ ನಿಯಮವಾಯಿತು. ಚೀಟಿಯ ಟೆಂಡರು ಹೋಗಿ ಕಂಪ್ಯೂಟರಿನ ಟೆಂಡರು ಬಂದ ಮೇಲೆ ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಬೆರಳುಗಳಿಗೆ ಗುಂಡಿ ಒತ್ತುವುದಷ್ಟೇ ಕೆಲಸ.

ಈ ನಿಯಮದಲ್ಲಿ ಅಡಗಿದ ವೈಚಿತ್ರ್ಯವನ್ನು ಓದುಗರು ಗಮನಿಸಬೇಕು. ಅಡತ್ಯಾನು ಹೆಸರಿಗೆ ರೈತನ ಮನುಷ್ಯ, ಅವನ ಕೂಲಿ ಕೊಡುವವನು ಖರೀದಿದಾರ. ಸಾಲದ ಸೂತ್ರ ಮತ್ತೊಂದು ಕಡೆಗೆ ಎಳೆಯುವುದು. ಹಣ ಯಾರ ಕೈಯಿಂದ ಬಂದಿತೋ ನಿಷ್ಠೆಯೂ ಅವರದೇ ಎಂದು ಹೇಳುವ ಹಾಗಿಲ್ಲ, ಅಲ್ಲವೆಂದು ಹೇಳುವ ಹಾಗೂ ಇಲ್ಲ. ಇದೇ ತೊಡಕು ಮಳಿಗೆಯ ದಲಾಲಿಯಲ್ಲಿ ಹಾಗೆಯೇ ಮರುಕಳಿಸಿದೆ.

ಹಿಂದೆ ಈ ಊರುಗಳಲ್ಲಿ ಮಳಿಗೆ ಹಿಡಿಯಲು ದಲಾಲ ಬೇಕಾಗಿರಲಿಲ್ಲ. ಮಠದ್ದೋ ಮಸೀದಿಯದ್ದೋ ಊರ ಸಾವ್ಕಾರರದ್ದೋ ಆದ ಮಳಿಗೆಯಲ್ಲಿ ಅಪ್ಪ ಕುಳಿತ ಗಾದಿಯ ಮೇಲೆಯೇ ಮಗನು ಕುಳಿತುಕೊಳ್ಳುತ್ತಿದ್ದನು, ದೀಪಾವಳಿಯ ಪಾಡ್ಯದಂದು ಹೊಸ ಖಾತೆಗೆ ಪೂಜೆಯಾದ ಮೇಲೆ ಬಾಡಿಗೆಯ ಮಾತು ಬರುತ್ತಿತ್ತು, ಕಾಗದವಿರುತ್ತಿರಲಿಲ್ಲ. ೧೮೮೨ರ ಆಸ್ತಿ ವರ್ಗಾವಣೆ ಕಾಯಿದೆಯ ಪ್ರಕಾರ ಕರಾರಿಲ್ಲದ ಮಳಿಗೆಯ ಬಾಡಿಗೆಯು ತಿಂಗಳಿಂದ ತಿಂಗಳಿಗೆ ಸಾಗುವಂಥದು, ೧೫ ದಿವಸದ ನೋಟೀಸಿನಿಂದ ಮುಗಿಯುವಂಥದು ಎಂಬುದು ಆ ಗಾದಿಯ ಮೇಲೆ ಕುಳಿತವರಲ್ಲಿ ಎಷ್ಟು ಜನಕ್ಕೆ ಗೊತ್ತಿತ್ತು? ಯುದ್ಧಾನಂತರದ ಅಭಾವದ ದಿನಗಳಲ್ಲಿ ೧೯೪೭ರ ಮುಂಬಯಿ ಬಾಡಿಗೆ ಕಾಯಿದೆಯು ಬಾಡಿಗೆಯಲ್ಲದೆ ಪಗಡಿಯೆಂಬ ಮೇಲುಹಣ ತೆಗೆದುಕೊಳ್ಳುವುದನ್ನು ನಿಷೇಧಿಸಿತು. ೧೯೬೧ರ ಮೈಸೂರು ಬಾಡಿಗೆ ನಿಯಂತ್ರಣ ಕಾಯಿದೆಯಂತೂ, ಅದು ಜಾರಿಯಲ್ಲಿದ್ದ ಊರುಗಳಲ್ಲಿ ಕಟ್ಟಡ ಖಾಲಿಯಾದೊಡನೆ ಮಾಲೀಕನು ನಿಯಂತ್ರಣಾಧಿಕಾರಿಗೆ ತಿಳಿಸಬೇಕು, ಅಲ್ಲಿ ಯಾರಿರಬೇಕೆಂಬುದನ್ನು ಆ ಅಧಿಕಾರಿಯೇ ಗೊತ್ತುಪಡಿಸಬೇಕು ಎಂದು ವಿಧಿಸಿ, ಸರಕಾರವನ್ನೇ ದಲಾಲನ ಪೀಠದಲ್ಲಿ ಕೂರಿಸಿತು. ಬಾಡಿಗೆದಾರನಿಗೆ ಹಕ್ಕು ಸಿಕ್ಕಿತು, ಹೊಸಬನಿಗೆ ಮಳಿಗೆ ಸಿಕ್ಕದಾಯಿತು. ೧೯೯೯ರ ಕರ್ನಾಟಕ ಬಾಡಿಗೆ ಕಾಯಿದೆಯು ೧೪ ಚದರ ಮೀಟರಿಗೆ ಮೇಲ್ಪಟ್ಟ ವಾಣಿಜ್ಯ ಕಟ್ಟಡಗಳನ್ನು ತನ್ನ ಆಶ್ರಯದಿಂದ ಹೊರಗಿಟ್ಟಿತು. ಅಂದರೆ ಒಂದು ಸಣ್ಣ ಕಿರಾಣಿ ಅಂಗಡಿಗಿಂತ ದೊಡ್ಡ ಜಾಗ ಹಿಡಿದವನು ತನ್ನ ಕರಾರಿನ ಅಕ್ಷರಗಳನ್ನೇ ನಂಬಿರಬೇಕು. ಬಾಡಿಗೆಯ ದಲಾಲನು ನೋಂದಣಿ ಮಾಡಿಸಿಕೊಂಡಿರಬೇಕೆಂಬ ನಿಬಂಧನೆಯೂ ಅದೇ ಕಾಯಿದೆಯಲ್ಲುಂಟು. ಬಸ್‌ಸ್ಟ್ಯಾಂಡಿನ ಚಹಾದಂಗಡಿಯೇ ಕಚೇರಿಯಾದವರಿಗೆ ಅದು ತಿಳಿಯದಿದ್ದರೆ ಆಶ್ಚರ್ಯವಿಲ್ಲ.

ಕಟ್ಟಡದ ದಲಾಲನು ಕಾಣಿಸಿಕೊಂಡುದು ಹೊರಗಿನ ಕಚೇರಿಗಳು ಈ ಊರುಗಳಿಗೆ ಬಂದಾಗ. ಬ್ಯಾಂಕುಗಳು ತಮಗೆ ಜಾಗ ಬೇಕೆಂದು ಪತ್ರಿಕೆಯಲ್ಲಿ ಪ್ರಕಟಿಸಿ ತಾಂತ್ರಿಕ ಅರ್ಜಿ ಬೇರೆ, ದರದ ಅರ್ಜಿ ಬೇರೆ ಎಂದು ಮುಚ್ಚಿದ ಲಕೋಟೆಗಳಲ್ಲಿ ತರಿಸುವವು; ಸರಕಾರಿ ಕಚೇರಿಯಾದರೆ ಬಾಡಿಗೆ ಯೋಗ್ಯವೆಂದು ಲೋಕೋಪಯೋಗಿ ಇಲಾಖೆಯ ಇಂಜಿನಿಯರರು ಪ್ರಮಾಣಪತ್ರ ಕೊಡಬೇಕು. ಇವೆರಡೂ ಬಾಡಿಗೆದಾರನ ಪರವಾದ ಏರ್ಪಾಡುಗಳೇ. ಆದರೆ ಬೀಜದ ಕಂಪನಿ, ವಿಮೆಯ ಶಾಖೆ, ಟ್ರ್ಯಾಕ್ಟರು ಮಾರುವವರು, ಸಾಲದ ಸಂಸ್ಥೆಗಳು, ಇವುಗಳ ಹೊಸ ಮ್ಯಾನೇಜರನು ಹುಬ್ಬಳ್ಳಿಯಿಂದಲೋ ದಾವಣಗೆರೆಯಿಂದಲೋ ಬಸ್ಸಿಳಿದು ಯಾರನ್ನೋ ಕೇಳಿದರೆ, ಆ ಯಾರೋ ಒಬ್ಬನು ಮಾಲೀಕನ ಪರಿಚಿತನಾಗಿರುವನು. ಮಾಲೀಕನು ಊರಿನಲ್ಲಿರುವವನು, ಮಳಿಗೆಗಳನ್ನು ಮತ್ತೆ ಮತ್ತೆ ಕೊಡುವವನು; ಮ್ಯಾನೇಜರನು ಹತ್ತು ವರ್ಷಕ್ಕೊಮ್ಮೆ ಹಿಡಿಯುವವನು. ಬಂಡಿ ಹೊಡೆದುಕೊಂಡು ಬಂದ ರೈತನ ಅವಸ್ಥೆಯೇ ಪ್ಯಾಂಟು ತೊಟ್ಟು ಬಂದವನ ಅವಸ್ಥೆಯೂ.

ನನ್ನ ಸೋದರಳಿಯನೊಬ್ಬನು ಹೀಗೆಯೇ, ಮೊದಲಲ್ಲಿ ಹೆಸರಿಸಿದ ನಾಲ್ಕು ಊರುಗಳಲ್ಲೊಂದಕ್ಕೆ ಬಂದನು. ಊರಿನ ಹೆಸರು ಬೇಡ. ಮುಖ್ಯ ಬೀದಿಯಲ್ಲಿ ಆರುನೂರು ಚದರಡಿಯ ಮಳಿಗೆಯೆಂದು ದಲಾಲನು ತೋರಿಸಿದನು. ಹನ್ನೊಂದು ತಿಂಗಳ ಕರಾರು. ವರ್ಷಕ್ಕೆ ಮೀರಿದರೆ ನೋಂದಣಿ ಮಾಡಿಸಬೇಕಾದ್ದರಿಂದ ಹನ್ನೊಂದು ಎಂಬುದು ನಮ್ಮ ದೇಶದಲ್ಲಿ ಒಂದು ಪವಿತ್ರ ಸಂಖ್ಯೆಯಾಗಿಬಿಟ್ಟಿದೆ. ನಾನು ಅಳಿಯನನ್ನು ಆ ಊರಿನ ಮುದುಕರೊಬ್ಬರ ಬಳಿಗೆ ಕಳಿಸಿದೆನು; ಅವರು ನಾಲ್ವತ್ತು ವರ್ಷ ಅಡತಿ ಅಂಗಡಿಯಲ್ಲಿ ಗುಮಾಸ್ತರಾಗಿದ್ದವರು. ಧೋತರದ ಚುಂಗು ಎತ್ತಿ ಸಿಕ್ಕಿಸಿಕೊಂಡು, ಅಳೆಯುವ ಟೇಪಿನ ಒಂದು ತುದಿಯನ್ನು ಅಳಿಯನ ಕೈಗೆ ಕೊಟ್ಟು, ಅವರು ಗೋಡೆಯಿಂದ ಗೋಡೆಗೆ ನಡೆದರು. ನಾನೂರ ಎಪ್ಪತ್ತು ಬಂದಿತು.

“ಸಾವ್ಕಾರ್ರ, ಹೊರಗಿನ ಕಟ್ಟಿ, ಮಾಳಿಗಿಗೆ ಹೋಗೋ ಮೆಟ್ಟಲ, ಎಲ್ಲಾ ಲೆಕ್ಕಕ್ಕ ಹಿಡದೀರೇನ್ರಿ?” ಎಂದು ಮಾಲೀಕರನ್ನು ಕೇಳಿದರು. ಆಮೇಲೆ ಪುರಸಭೆಯ ಕರ ಯಾರು ಕಟ್ಟುವುದು, ಸುಣ್ಣಬಣ್ಣ ಯಾರದು, ಮೀಟರು ಮನೆಯದೋ ವ್ಯಾಪಾರದ್ದೋ ಎಂದು ವಿಚಾರಿಸಿದರು. ಕೊನೆಗೆ ಹೊರಗೆ ಬಂದು, ಮುಂದಿನ ಗೋಡೆಗೆ ಕಟ್ಟಿದ್ದ ಯಾವುದೋ ಹುಟ್ಟುಹಬ್ಬದ ಫ್ಲೆಕ್ಸಿನ ಒಂದು ಮೂಲೆಯನ್ನು ಮೆಲ್ಲನೆ ಎತ್ತಿದರು. ಅದರ ಕೆಳಗೆ, ರಸ್ತೆ ಅಗಲ ಮಾಡುವಾಗ ಎಲ್ಲಿಯ ತನಕ ಕೆಡಹಬೇಕೆಂದು ಹಿಂದೆಂದೋ ಬಳಿದಿದ್ದ ಕೆಂಪು ಗೆರೆಯಿತ್ತು. “ತಮ್ಮಾ, ಇದರ ಒಳಗ ನಿನ್ನ ಟೇಬಲ್ಲ ಹಿಡಸ್ತದೇನು ನೋಡು” ಎಂದರು.

ಹೀಗೆ ಬಾಡಿಗೆದಾರನ ಕಡೆ ನಿಲ್ಲುವುದು ಬೇರೆಡೆ ಒಂದು ವೃತ್ತಿಯೇ ಆಗಿದೆ. ನ್ಯೂಯಾರ್ಕಿನಲ್ಲಿ ೧೯೫೪ರಲ್ಲಿ ಜೂಲಿಯನ್ ಸ್ಟಡ್ಲಿ ಎಂಬಾತನು ಆರಂಭಿಸಿದ ಸಂಸ್ಥೆಯು ಬಾಡಿಗೆದಾರರ ಪಕ್ಷವನ್ನೇ ವಹಿಸುವುದನ್ನು ತನ್ನ ವೃತ್ತಿಯಾಗಿ ಮಾಡಿಕೊಂಡಿತು. ಇಂದು ಬೆಂಗಳೂರಿನಲ್ಲಿ ಇಡೀ ಅಂತಸ್ತುಗಳನ್ನು ಹಿಡಿಯುವ ಕಂಪನಿಗಳು ಇಂಥ ದಲಾಲರನ್ನೇ ನೇಮಿಸಿಕೊಳ್ಳುತ್ತವೆ. ನಿಜವಾಗಿ ಕಾಲಿಡಬಹುದಾದ ನೆಲವೆಷ್ಟು, ಲಿಫ್ಟು ಮೊಗಸಾಲೆಗಳ ಪಾಲನ್ನು ಸೇರಿಸಿ ಹೇಳಿದ ನೆಲವೆಷ್ಟು, ಮೂರು ವರ್ಷಕ್ಕೊಮ್ಮೆ ಬಾಡಿಗೆ ಶೇಕಡಾ ೧೫ ಏರಬೇಕೆ, ನಡುವೆ ಬಿಟ್ಟುಹೋಗಲು ದಾರಿಯುಂಟೆ, ಪೀಠೋಪಕರಣ ಜೋಡಿಸುವ ತಿಂಗಳುಗಳಿಗೆ ಬಾಡಿಗೆಯ ಮಾಫಿಯುಂಟೆ, ಎಂದು ಅವರು ಕೇಳುವ ಪ್ರಶ್ನೆಗಳು ನಮ್ಮ ಗುಮಾಸ್ತರ ಪ್ರಶ್ನೆಗಳ ದೊಡ್ಡಣ್ಣಂದಿರೇ ಹೊರತು ಬೇರೆ ಕುಲದವಲ್ಲ. ಅಲ್ಲಿಯೂ ಅವರ ದಲಾಲಿಯನ್ನು ಅನೇಕ ಸಲ ಮಾಲೀಕನೇ ಕೊಡುವನೆಂಬುದನ್ನು ಕೇಳಿದಾಗ ನನಗೆ ಅಡತಿಯ ಪಟ್ಟಿ ನೆನಪಾಯಿತು. ೧೮೭೨ರ ಕರಾರು ಕಾಯಿದೆಯು ಪ್ರತಿನಿಧಿಯಾದವನು ತನ್ನನ್ನು ನೇಮಿಸಿದವನಿಗೆ ತಿಳಿಸದೆ ಸ್ವಂತ ಲಾಭಕ್ಕಾಗಿ ವ್ಯವಹರಿಸಿದರೆ ಆ ಲಾಭವು ನೇಮಿಸಿದವನದೇ ಎಂದು ಹೇಳುತ್ತದೆ. ಆದುದರಿಂದ ಎರಡೂ ಕಡೆಯಿಂದ ಒಂದೊಂದು ತಿಂಗಳ ಬಾಡಿಗೆಯನ್ನು ಎಣಿಸಿಕೊಳ್ಳುವ ದಲಾಲನನ್ನು ದಾರಿ ತೋರಿಸುವವನೆಂದು ಒಪ್ಪಬಹುದು. ನಮ್ಮ ಪರವಾಗಿ ಮಾತನಾಡುವವನೆಂದು ನಂಬುವುದಕ್ಕೆ ಮುನ್ನ, ಅವನಿಗೆ ಯಾರಿಂದ ಎಷ್ಟು ಸಲ್ಲುತ್ತದೆಂಬುದು ಮೊದಲೇ ಕಾಗದದ ಮೇಲೆ ಬಂದಿರಬೇಕು.

ಗುಮಾಸ್ತರು ಅಳಿಯನಿಗೆ ಹಿಂದಿನ ಬೀದಿಯಲ್ಲಿ ಬೇರೊಂದು ಜಾಗ ಹಿಡಿದುಕೊಟ್ಟರು. ಐದು ವರ್ಷದ ಕರಾರು, ನೋಂದಣಿಯಾದದ್ದು. ಅಲ್ಲಿಯ ಮಾಲೀಕರು ರೂಢಿಯಂತೆ ಕೈಯಲ್ಲೊಂದು ಲಕೋಟೆ ಹಿಡಿದುಕೊಂಡು ಬಂದಾಗ, “ಬ್ಯಾಡ್ರಿ, ನಾ ಈ ಹುಡುಗನ ಕಡಿಯಾಂವ” ಎಂದು ತಿರುಗಿ ಕೊಟ್ಟರಂತೆ. ಅಳಿಯನಿಂದ ಮಾತ್ರ ಅರ್ಧ ತಿಂಗಳ ಬಾಡಿಗೆಯನ್ನು, ಒಂದು ರೂಪಾಯಿ ಬಿಡದೆ, ಎರಡು ಸಲ ಎಣಿಸಿ ತೆಗೆದುಕೊಂಡರು. ಮುಖ್ಯ ಬೀದಿಯ ರಸ್ತೆಯೇನೋ ಇನ್ನೂ ಅಗಲವಾಗಿಲ್ಲ. ಆ ಮಳಿಗೆಯಲ್ಲಿ ಈಗ ಝೆರಾಕ್ಸ್ ಅಂಗಡಿಯಿದೆ, ಫ್ಲೆಕ್ಸಿನಲ್ಲಿ ಬೇರೆ ಯಾರದೋ ಹುಟ್ಟುಹಬ್ಬವಿದೆ.